ಬಸವಪ್ರಸಾದನ ಮೀನಿನ ಮೋಟರು

ಎಲ್ಲಕ್ಕೂ ಕಾರಣ ಒಂದು ಗ್ರಾಫ್ ಹಾಳೆ. ಮೂರು ತಿಂಗಳಿನಿಂದ ಪ್ರತಿಯೊಂದನ್ನೂ ಎರಡೆರಡು ಸಲ ನೋಡಿ ಮೂರನೇ ಸಲ ಅನುಮಾನಪಡುತ್ತಿದ್ದ ಬಸವಪ್ರಸಾದ, ಆ ಬೆಳಗ್ಗೆ ಹಾಳೆಯ ಮೇಲೆ ಭಾರ ಇಡುವುದನ್ನು ಮರೆತ. ಕಿಟಕಿಯಿಂದ ಬಂದ ಗಾಳಿ ಅದನ್ನು ಎತ್ತಿಕೊಂಡು ಹೋಗಿ ಬೀದಿ ನಲ್ಲಿಯ ಮುಂದೆ, ಸರ್ವೆ ಇಲಾಖೆಯಿಂದ ನಿವೃತ್ತರಾದ ಶಂಭುಲಿಂಗಪ್ಪನವರ ಕಾಲ ಬಳಿ ಇಳಿಸಿತು.

ಹಾಳೆಯಲ್ಲಿದ್ದದ್ದು ಕಂಪ್ಯೂಟರಿಗೆ ನೀರು ಹಾಯಿಸುವ ನಕ್ಷೆ. ಹಾಗೆಂದರೆ ನಂಜನಗೂಡಿನಲ್ಲಿ ಯಾರೂ ನಂಬುವುದಿಲ್ಲವೆಂದು ಬಸವಪ್ರಸಾದನಿಗೆ ಗೊತ್ತಿತ್ತು. ಅವನೇ ಇನ್ನೂ ಪೂರ್ತಿ ನಂಬಿರಲಿಲ್ಲ.

ಅವನದು ಮದುವೆ ವಿಡಿಯೋ ಮಿಕ್ಸಿಂಗ್ ಕೆಲಸ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. 2005ರ ಕೊನೆಯಲ್ಲಿ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದು ಹಳೆಯ ಡಿಸೈನ್ ಕಂಪ್ಯೂಟರುಗಳನ್ನು ಮಾರಿದಾಗ ಅವನೂ ಒಂದನ್ನು ತಂದಿದ್ದ. ವರ್ಕ್‌ಸ್ಟೇಷನ್ ಎಂದು ಅದರ ಹೆಸರು. ಸಾಮಾನ್ಯ ಕಂಪ್ಯೂಟರಿಗೆ ಒಂದು ಮಿದುಳಾದರೆ ಇದಕ್ಕೆ ಎರಡು. ಎರಡೂ ಸೇರಿ ಮದುವೆ ಮನೆಯ ಕೋಡೊಲೆಯ ಹಾಗೆ ಉರಿಯುತ್ತಿದ್ದವು. ಚಳಿಗಾಲದಲ್ಲಿ ಹೇಗೋ ನಡೆಯಿತು. ಫೆಬ್ರವರಿಯಲ್ಲಿ ಬಿಸಿಲು ಏರಿದ ಮೇಲೆ ನಲವತ್ತು ನಿಮಿಷ ಕೆಲಸ ಮಾಡಿ, ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೆ ತಾನಾಗಿಯೇ ಆರಿಹೋಗುತ್ತಿತ್ತು.

ಹೀಗೆ ಆರಿಹೋಗುತ್ತಿದ್ದ ಮದುವೆ ಟಿ. ನರಸೀಪುರದ ಬಳಿಯ ಸೋಸಲೆಯ ರಾಮಯ್ಯನವರ ಮಗಳು ಅರ್ಪಿತಳದು. ರಾಮಯ್ಯನವರು ಎರಡು ಸಲ ಬಂದು ಬರಿಗೈಯಲ್ಲಿ ಹಿಂದಿರುಗಿದ್ದರು. ಮೂರನೇ ಸಲ ಫೋನಿನಲ್ಲಿ, "ಶುಕ್ರವಾರ ಸಂಜೆ ಬತ್ತೀನಿ. ಡಿವಿಡಿ ಕೊಟ್ರೆ ಸರಿ. ಇಲ್ದಿದ್ರೆ ನನ್ ಕ್ಯಾಸೆಟ್ ನಂಗೆ ಕೊಟ್ಬುಡಿ, ಮೈಸೂರಲ್ಲಿ ಮಾಡಿಸ್ಕೋತೀನಿ. ಆಮೇಲೆ ಟಿ. ನರಸೀಪುರದ ಕಡೆಯಿಂದ ಒಂದೇ ಒಂದು ಮದುವೆ ನಿಮ್ಮತ್ರ ಬಂದ್ರೆ ನನ್ನ ಕೇಳಿ" ಎಂದಿದ್ದರು. ಬಸವಪ್ರಸಾದನಿಗೆ ಸಿಗುತ್ತಿದ್ದ ಮದುವೆಗಳಲ್ಲಿ ಅರ್ಧ ಆ ಕಡೆಯವೇ.

ಇವತ್ತೇ ಆ ಶುಕ್ರವಾರ.

ನಕ್ಷೆಯ ಪ್ರಕಾರ, ಮೇಲೆ ಹಾರ್ಲಿಕ್ಸ್ ಬಾಟಲಿಯ ತೊಟ್ಟಿ. ಅದರ ಕೆಳಗೆ ಮೀನು ಸಾಕುವವರು ಬಳಸುವ ಪುಟ್ಟ ಮೋಟರು. ಮೋಟರು ತಳ್ಳಿದ ನೀರು, ಗಾರೆಯವರು ಮಟ್ಟ ನೋಡುವ ಟ್ಯೂಬಿನಲ್ಲಿ ಹರಿದು, ಎರಡು ಮಿದುಳುಗಳ ಮೇಲೆ ಕೂರಿಸಿದ ತಾಮ್ರದ ಪೊಳ್ಳು ಬಿಲ್ಲೆಗಳನ್ನು ಹೊಕ್ಕು, ಅಲ್ಲಿನ ಬಿಸಿಯನ್ನು ಹೊತ್ತುಕೊಂಡು, ಹಳೇ ಮಾರುತಿ ವ್ಯಾನಿನಿಂದ ಬಿಚ್ಚಿದ ರೇಡಿಯೇಟರಿನಲ್ಲಿ ತಣ್ಣಗಾಗಿ, ಮತ್ತೆ ಬಾಟಲಿಗೆ ಬರಬೇಕು. ಒಟ್ಟು ಒಂದು ಲೀಟರ್ ನೀರು. ಹೋದ ನೀರೇ ತಿರುಗಿ ಬರಬೇಕು, ಒಂದು ಹನಿಯೂ ಹೊರಗೆ ಬೀಳಬಾರದು. ಎಲ್ಲವೂ ಸಿದ್ಧವಾಗಿತ್ತು, ಮೋಟರೊಂದನ್ನು ಬಿಟ್ಟು.

ಅತ್ತ ಬೀದಿ ನಲ್ಲಿಯ ಹತ್ತಿರ ಬಿಂದಿಗೆಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ದಿನ ಬಿಟ್ಟು ದಿನ ಬರುವ ನೀರು ಆವತ್ತು ನೂಲಿನ ಹಾಗೆ ಬಂದು, ಕಾಲು ಗಂಟೆಯಲ್ಲಿ ನಿಂತೇಹೋಗಿತ್ತು.

"ನಾನ್ ಅವತ್ತಿಂದ ಬಡ್ಕೋತಾ ಇವ್ನಿ," ಎದುರು ಮನೆ ಚಲುವಮ್ಮ ಸೊಂಟದ ಮೇಲೆ ಖಾಲಿ ಬಿಂದಿಗೆ ಇಟ್ಟುಕೊಂಡೇ ಹೇಳಿದಳು. "ಯಾರೋ ಮನೆ ಒಳ್ಗೆ ಪೈಪ್‌ಗೇ ಮೋಟರ್ ಕೂರ್ಸಿ ಎಳೀತಾವ್ರೆ. ಇಲ್ದಿದ್ರೆ ನೀರೇನು ಇಂಗೋಯ್ತದಾ?"

ಶಂಭುಲಿಂಗಪ್ಪನವರು ಕಾಲ ಬಳಿ ಬಿದ್ದ ಹಾಳೆಯನ್ನು ಎತ್ತಿಕೊಂಡರು. ಕನ್ನಡಕ ಏರಿಸಿ ಓದತೊಡಗಿದರು. ಮೂವತ್ತು ವರ್ಷ ಬೇರೆಯವರ ಜಮೀನಿನ ನಕ್ಷೆ ಓದಿದ ಬೆರಳು ಬಾಣದ ಗುರುತುಗಳ ಮೇಲೆ ಮೆಲ್ಲನೆ ಸರಿಯಿತು.

"ತೊಟ್ಟಿ. ಮೋಟರು. ಪೈಪು. ಮತ್ತೆ ತೊಟ್ಟಿ," ಎಂದರು. ಆಮೇಲೆ ಬಸವಪ್ರಸಾದನ ಕಿಟಕಿಯತ್ತ ನೋಡಿದರು. "ಅಳತೆ ಸಮೇತ ಹಾಕಿದ್ದಾನೆ ಕಣಮ್ಮ."

"ಅಯ್ಯೋ! ಆ ಮೆತ್ತನೆ ಮನ್ಸನಾ?"

"ಮೆತ್ತಗಿರೋರೇ ಮಾಡೋದು. ಗಲಾಟೆ ಮಾಡ್ಬೇಡ. ಪುರಸಭೆ ಆಫೀಸಿಗೆ ಒಂದು ಅರ್ಜಿ ಕೊಟ್ಟು ಬರ್ತೀನಿ. ಸಾಮಾನು ಸಮೇತ ಹಿಡೀಬೇಕು."

ಅದೇ ಹೊತ್ತಿಗೆ ಬಸವಪ್ರಸಾದ ಕೋಣೆಯಲ್ಲಿ ಹಾಳೆ ಹುಡುಕುತ್ತಿದ್ದ. ಮಂಚದ ಕೆಳಗೆ ಇಲ್ಲ, ಕ್ಯಾಸೆಟ್ ಡಬ್ಬದಲ್ಲಿ ಇಲ್ಲ. ಕಿಟಕಿಯಿಂದ ನೋಡಿದರೆ ಶಂಭುಲಿಂಗಪ್ಪನವರು ಹಸಿರು ಗೆರೆಯ ಕಾಗದವೊಂದನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಇಳಿಸುತ್ತಿದ್ದರು. ಸರ್ವೆಯವರ ಜೇಬಿನಲ್ಲಿ ಗ್ರಾಫ್ ಹಾಳೆ ಇರುವುದು ಸಹಜವೇ ಅಂದುಕೊಂಡ. ಆದರೆ ಚಲುವಮ್ಮ ಯಾಕೆ ತನ್ನ ಕಿಟಕಿಗೆ ಬೆರಳು ತೋರಿಸುತ್ತಿದ್ದಾಳೆ? ಅವನಿಗೆ ಹೊಳೆಯಿತು. ಪೇಟೆ ಬೀದಿಯಲ್ಲಿ ಹೊಸದಾಗಿ ಮಿಕ್ಸಿಂಗ್ ಅಂಗಡಿ ತೆರೆದವನು ಶಂಭುಲಿಂಗಪ್ಪನವರ ಭಾವಮೈದುನನ ಮಗ. ತಾನು ಮೂರು ತಿಂಗಳು ತಲೆ ಕೆಡಿಸಿಕೊಂಡ ವಿದ್ಯೆಯನ್ನು ಇವರು ಒಂದೇ ಬೆಳಗ್ಗೆ ಅವನಿಗೆ ಮುಟ್ಟಿಸಲಿದ್ದಾರೆ!

ಸಂಜೆ ಡಿವಿಡಿ ಕೈಗೆ ಬರುವವರೆಗೆ ಯಾರಿಗೂ ಬಾಯಿ ಬಿಡಬಾರದೆಂದು ನಿರ್ಧರಿಸಿ ಅವನು ಮೈಸೂರಿನ ರೈಲು ಹಿಡಿದ.

ಹನ್ನೊಂದಕ್ಕೆ ಮೋಟರಿನೊಂದಿಗೆ ಹಿಂದಿರುಗಿದಾಗ ಬೀದಿಯ ತಿರುವಿನಲ್ಲಿ ಚಲುವಮ್ಮ ನಿಂತಿದ್ದಳು. ಅವಳಿಗೆ ಅಲ್ಲಿ ಏನೂ ಕೆಲಸವಿದ್ದಂತೆ ಕಾಣಲಿಲ್ಲ.

"ಏನ್ ಸ್ವಾಮಿ, ಚೀಲ ಭಾರವಾಗದೆ?"

"ಬಾಳೆಹಣ್ಣು."

"ರಸಬಾಳೆನಾ?"

"ಹ್ಞೂಂ."

"ಓ! ರಸಬಾಳೆಗೆ ಈಗ ವೈರ್ ಬಿಡ್ತದಾ?"

ಬಸವಪ್ರಸಾದ ಕೆಳಗೆ ನೋಡಿದ. ಚೀಲದ ಅಂಚಿನಿಂದ ಕರೆಂಟಿನ ಪ್ಲಗ್ ಬೆಕ್ಕಿನ ಬಾಲದ ಹಾಗೆ ನೇತಾಡುತ್ತಿತ್ತು. ಅದನ್ನು ಒಳಗೆ ತುರುಕಿ, "ಹಣ್ಣು ತೂಗೋ ಮಿಷನ್ನು" ಎಂದು ಏನೋ ಒದರಿ ಓಡಿದ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಆ ಮಾತು ತನಗೇ ಅರ್ಥವಾಗದೆ ಬೆವರಿದ.

ಮನೆಗೆ ಬಂದವನೇ ಕಿಟಕಿ ಬಾಗಿಲು ಮುಚ್ಚಿ ಚಿಲಕ ಹಾಕಿದ. ಮೇ ತಿಂಗಳಲ್ಲಿ, ಉರಿಬಿಸಿಲಿನಲ್ಲಿ, ನಂಜನಗೂಡಿನಲ್ಲಿ ಕಿಟಕಿ ಮುಚ್ಚಿದ ಮನೆ ಅದೊಂದೇ. ಬೀದಿಗೆ ಅಷ್ಟು ಸಾಕಾಯಿತು.

ಪೈಪು ಸೋರುತ್ತದೋ ಇಲ್ಲವೋ ನೋಡಲು, ಕಂಪ್ಯೂಟರ್ ಹಾಕದೆ, ಕೆಳಗೆ ದಿನಪತ್ರಿಕೆ ಹಾಸಿ, ಒಂದು ದಿನ ಪೂರ್ತಿ ಬರೀ ನೀರು ಓಡಿಸಬೇಕೆಂದು ಅವನು ಓದಿದ್ದ. ಒಂದು ದಿನ ಇರಲಿಲ್ಲ. ಒಂದೂವರೆ ಗಂಟೆ ಓಡಿಸಿದ. ಪತ್ರಿಕೆಯ ಒಂದೊಂದು ಕಾಲಮ್ಮನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಒಂದು ಕಡೆ ಒದ್ದೆಯಾಗಿತ್ತು. ಆಮೇಲೆ ತನ್ನ ಹಣೆಯ ಬೆವರೆಂದು ಗೊತ್ತಾಯಿತು.

ಎರಡು ಗಂಟೆಗೆ ಕಣ್ಣು ಮುಚ್ಚಿ ಸ್ವಿಚ್ ಹಾಕಿದ. ಮೋಟರು ಗುಂಯ್ ಎಂದಿತು. ಅರ್ಪಿತಳ ಮದುವೆ ಶುರುವಾಯಿತು. ನಲವತ್ತು ನಿಮಿಷ ಕಳೆಯಿತು. ಆರಲಿಲ್ಲ. ಗಂಟೆಯಾಯಿತು. ಆರಲಿಲ್ಲ. ಅವನು ತಾಮ್ರದ ಬಿಲ್ಲೆ ಮುಟ್ಟಿದರೆ ಮಗುವಿನ ಹಣೆ ಮುಟ್ಟಿದ ಹಾಗಿತ್ತು. ಹೀಗೇ ಹೋದರೆ ಐದೂವರೆಗೆ ಕೆಲಸ ಮುಗಿಯುತ್ತದೆ ಎಂದು ಪರದೆ ಹೇಳುತ್ತಿತ್ತು.

ನಾಲ್ಕೂವರೆ ಹೊತ್ತಿಗೆ ಕಿಟಕಿಯ ಹೊರಗೆ ಪಿಸುಮಾತು ಕೇಳಿಸಿತು.

"ಕೇಳಿಸ್ತಾ? ಮೋಟರು."

"ಗುಂಯ್‌ಗುಡ್ತದೆ ಸಾ. ನಲ್ಲೀಲಿ ನೀರಿಲ್ದಿದ್ರೂ ಎಳೀತಾವ್ನೆ ನೋಡಿ!"

ಆಮೇಲೆ ಬಾಗಿಲನ್ನು ದಬದಬ ಬಡಿದರು. ತೆಗೆದರೆ ಶಂಭುಲಿಂಗಪ್ಪನವರು, ಸೊಂಟದ ಮೇಲೆ ಅದೇ ಖಾಲಿ ಬಿಂದಿಗೆ ಇಟ್ಟುಕೊಂಡ ಚಲುವಮ್ಮ, ಹಿಂದೆ ಅರ್ಧ ಬೀದಿ. ಪೈಪು ಪರೀಕ್ಷೆಗೆಂದು ಪ್ಲಂಬರ್ ತಿಮ್ಮಯ್ಯನನ್ನೂ ಎಳೆದು ತಂದಿದ್ದರು. ಅವನು ಎಲ್ಲರಿಗಿಂತ ಹಿಂದೆ ನಿಂತು ತನ್ನ ಸ್ಪ್ಯಾನರನ್ನೇ ನೋಡಿಕೊಳ್ಳುತ್ತಿದ್ದ.

"ಪ್ರಸಾದ್, ಮೋಟರ್ ಎಲ್ಲಿದೆ?"

"ಅದನ್ನ ನಿಮ್ಮ ಭಾವಮೈದುನನ ಮಗನಿಗೆ ಹೇಳಲ್ಲ ಸಾರ್!"

"ಯಾಕೆ, ಅವನೂ ನೀರು ಕದೀತಾನಾ?"

ಆಗ ಬಸವಪ್ರಸಾದನಿಗೆ ವಿಷಯ ತಿಳಿಯಿತು. ನೀರು ಕಳ್ಳನೆಂದು ಹೆಸರಾಗುವುದಕ್ಕಿಂತ ಗುಟ್ಟು ರಟ್ಟಾಗುವುದೇ ವಾಸಿ ಎಂದುಕೊಂಡು ಎಲ್ಲವನ್ನೂ ಹೇಳಿದ. ಶಂಭುಲಿಂಗಪ್ಪನವರು ಪೂರ್ತಿ ಕೇಳಿಸಿಕೊಂಡರು.

"ಕರೆಂಟ್ ಸಾಮಾನಿಗೆ ನೀರು ಬಿಟ್ಟಿದ್ದೀಯ," ಎಂದರು. "ನನ್ನ ಸರ್ವಿಸ್ಸಲ್ಲಿ ಎಂತೆಂಥಾ ಸುಳ್ಳು ಕೇಳಿದ್ದೀನಿ. ಗಡಿ ಕಲ್ಲು ತಾನೇ ನಡ್ಕೊಂಡು ಹೋಗಿ ಪಕ್ಕದ ಹೊಲದಲ್ಲಿ ನಿಂತ್ಕೊಂಡ್ತು ಅಂದೋರನ್ನೂ ನೋಡಿದ್ದೀನಿ. ಇದು ಅದಕ್ಕಿಂತ ಒಂದು ಕೈ ಮೇಲು."

"ಒಳಗೆ ಬಂದು ನೋಡಿ ಸಾರ್."

ನೋಡಿದರು. ಟ್ಯೂಬಿನಲ್ಲಿ ನೀರು ಸುತ್ತುತ್ತಿತ್ತು. ಪರದೆಯ ಮೇಲೆ ಅರ್ಪಿತ ತಲೆ ತಗ್ಗಿಸಿ ಹಸೆಮಣೆಯ ಮೇಲೆ ಕೂತಿದ್ದಳು. ಚಲುವಮ್ಮ ಟ್ಯೂಬಿಗೆ ಬೆರಳಿಟ್ಟು, "ಅವ್ವಾ, ಬೆಚ್ಗದೆ! ಈ ಕಡೆ ಬೆಚ್ಗೆ, ಆ ಕಡೆ ತಣ್ಗೆ!" ಎಂದು ಕೂಗಿದಳು. ಎಲ್ಲರೂ ಒಬ್ಬೊಬ್ಬರಾಗಿ ಮುಟ್ಟಿದರು. ಸಪ್ತಪದಿ ಬಂದಾಗ ಯಾರೋ ಚಪ್ಪಾಳೆ ಕೂಡ ತಟ್ಟಿದರು. ಶಂಭುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡು, "ನಮ್ಮ ಬೀದಿ ಹುಡುಗ, ನಾವೇ ಅನುಮಾನ ಪಟ್ವಿ" ಎಂದರು.

ಅಷ್ಟಕ್ಕೇ ಬಸವಪ್ರಸಾದ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಅವನನ್ನು ಯಾರೂ ಹಾಗೆ ಹೊಗಳಿರಲಿಲ್ಲ.

"ಇಲ್ಲ ಸಾರ್. ನಿಮ್ಮ ಮನಸ್ಸಲ್ಲಿ ಎಳ್ಳಷ್ಟೂ ಉಳೀಬಾರದು. ಮನೆ ಪೂರ್ತಿ ನೋಡ್ಬಿಡಿ. ತಿಮ್ಮಯ್ಯ, ಬಾ, ಪೈಪ್ ಚೆಕ್ ಮಾಡು."

"ಬ್ಯಾಡಿ ಸಾ," ತಿಮ್ಮಯ್ಯ ಹಿಂದೆ ಸರಿದ. "ನಂಬಿಕೆ ಅದೆ."

"ಬಾರೋ!"

ಹಿತ್ತಲಲ್ಲಿ ಅವನ ತಾಯಿ ಶಿವನಂಜಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತಿದ್ದರು. "ಕಾಫಿ ಮಾಡ್ತೀನಿ, ಎಲ್ಲರೂ ಮುಂದೆ ಕೂತ್ಕೊಳ್ರಪ್ಪ" ಎಂದರು. ಬಸವಪ್ರಸಾದ ಕಾಫಿ ಆಮೇಲೆ ಎಂದು ಹೇಳಿ, ತಾನೇ ಬಗ್ಗಿ, ಕಲ್ಲಿನ ಬುಡದಲ್ಲಿ, ಪೈಪು ಮನೆಗೆ ಸೇರುವ ಗುಂಡಿಗೆ ಮುಚ್ಚಿದ್ದ ಹಲಗೆಯನ್ನು ಎತ್ತಿ ತೋರಿಸಿದ.

ಅಲ್ಲಿ ಅರ್ಧ ಹೆಚ್.ಪಿ. ಮೋಟರೊಂದು ಮಳೆಗಾಲದ ಕಪ್ಪೆಯ ಹಾಗೆ ಗುಮ್ಮನೆ ಕೂತಿತ್ತು. ನೇರವಾಗಿ ಬೀದಿ ಪೈಪಿಗೇ ಬಾಯಿ ಹಾಕಿತ್ತು.

ಯಾರೂ ಉಸಿರಾಡಲಿಲ್ಲ. ಎಲ್ಲರಿಗಿಂತ ಕಡಿಮೆ ಉಸಿರಾಡಿದವನು ಬಸವಪ್ರಸಾದ.

"ಅವ್ವಾ?"

ಶಿವನಂಜಮ್ಮ ಮಗನ ಕಡೆ ನೋಡಲಿಲ್ಲ. ತಿಮ್ಮಯ್ಯನ ಕಡೆ ತಿರುಗಿದರು. "ಈ ಬೀದೀಲಿ ನಮ್ಮನೆಗೆ ಒಂದಕ್ಕೇ ಹಾಕೋದು, ಯಾರ್ಗೂ ಗೊತ್ತಾಗಲ್ಲ ಅಂದಿದ್ಯಲ್ಲೋ?"

"ಏನಂದ್ರಿ?" ಚಲುವಮ್ಮ ಬಿಂದಿಗೆ ಕೆಳಗೆ ಬಿಟ್ಟಳು. "ನಿಮ್ಗೂ ಅಂಗೇ ಅಂದಿದ್ನಾ?" ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು.

ಹಿಂದೆ ನಿಂತವರಲ್ಲಿ ಒಬ್ಬರು ಕೆಮ್ಮಿದರು. ಇನ್ನೊಬ್ಬರು ತೆಂಗಿನ ಮರ ನೋಡಿದರು. ಶಂಭುಲಿಂಗಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಕೊನೆಗೆ, "ನಂದು ಮುಕ್ಕಾಲು ಹೆಚ್.ಪಿ." ಎಂದರು, ನೆಲಕ್ಕೆ.

ಆಗಲೇ ಬೀದಿಯಲ್ಲಿ ಜೀಪಿನ ಹಾರ್ನ್ ಕೇಳಿಸಿದ್ದು. ಬೆಳಗಿನ ಅರ್ಜಿಗೆ ಆಫೀಸಿನಿಂದ ಉತ್ತರ ಬಂದಿತ್ತು.

ಬಂದ ಅಧಿಕಾರಿ ಕೈಯಲ್ಲಿ ಅರ್ಜಿ ಹಿಡಿದಿದ್ದರು. "ಕಳ್ಳ ಮೋಟರ್ ಸಮೇತ ತೋರಿಸ್ತೀವಿ ಅಂತ ಬರೆದಿದ್ದೀರಿ. ತೋರಿಸಿ. ಇಲ್ಲದೇ ಇದ್ರೆ ಈ ಬೀದೀಲಿ ಒಂದು ಮನೆ ಬಿಡದೆ ಪೈಪ್ ಅಗೆಸಿ ನೋಡ್ತೀನಿ."

ಬೀದಿಗೆ ಬೀದಿಯೇ ಒಂದು ಕ್ಷಣ ಯೋಚಿಸಿತು. ಆಮೇಲೆ ಎಲ್ಲರ ಕಣ್ಣೂ ಮೆಲ್ಲನೆ, ಒಟ್ಟಾಗಿ, ಮುಂದಿನ ಕೋಣೆಯ ಕಡೆಗೆ ಹೊರಳಿದವು.

"ಬೇಡಿ," ಬಸವಪ್ರಸಾದ ಅಂದ. "ಹದಿನಾಲ್ಕು ಪರ್ಸೆಂಟ್ ಬಾಕಿ ಇದೆ. ದಮ್ಮಯ್ಯ."

ಶಂಭುಲಿಂಗಪ್ಪನವರು ಹೋಗಿ ಮೀನಿನ ಮೋಟರನ್ನು ವೈರು, ಟ್ಯೂಬು ಸಮೇತ ಕಿತ್ತುಕೊಂಡು ಬಂದರು. ಹಿಂದೆ ಅರ್ಪಿತಳ ಮದುವೆ ಪುಸಕ್ಕೆಂದು ಆರಿತು.

"ಇದಾ?" ಅಧಿಕಾರಿ ಸೋಪಿನ ಡಬ್ಬಿಯಷ್ಟಿದ್ದ ಅದನ್ನು ಅಂಗೈ ಮೇಲೆ ತೂಗಿದರು. "ಇದು ಬೀದಿ ನೀರೆಲ್ಲಾ ಎಳೀತದಾ?"

"ನೋಡಕ್ ಸಣ್ದು ಸಾ," ತಿಮ್ಮಯ್ಯನಿಗೆ ಈಗ ದನಿ ಬಂದಿತ್ತು. "ಬಲೇ ಜೋರು."

ಶಂಭುಲಿಂಗಪ್ಪನವರು ಜೇಬಿನಿಂದ ಗ್ರಾಫ್ ಹಾಳೆಯನ್ನೂ ತೆಗೆದುಕೊಟ್ಟರು. ಅಧಿಕಾರಿ ನೋಡಿ ತಲೆದೂಗಿ, "ಏನ್ರೀ, ಒಪ್ಕೊಂಡು ಸೈನ್ ಮಾಡ್ತೀರಾ, ಮನೆ ಹುಡುಕಿಸ್ಲಾ?" ಎಂದರು.

ಬಸವಪ್ರಸಾದ ಹಿತ್ತಲ ಕಡೆ ನೋಡಿದ. ಶಿವನಂಜಮ್ಮ ಒಗೆಯುವ ಕಲ್ಲಿನ ಮೇಲೆ ಕೂತು, ಸೀರೆಯ ನೆರಿಗೆಯನ್ನು ಹಲಗೆಯ ತನಕ ಇಳಿಬಿಟ್ಟಿದ್ದರು. ಅವನು ಸೈನ್ ಮಾಡಿದ. ಅಧಿಕಾರಿ ಮೋಟರನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕತೊಡಗಿದರು.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ರಾಮಯ್ಯನವರು ಒಳಗೆ ಬಂದರು. "ಏನ್ ಸಾ, ಜಾತ್ರೆ ಸೇರಿಸಿದ್ದೀರಿ. ಡಿವಿಡಿ?"

"ಮುಗಿಯೋದ್ರಲ್ಲಿತ್ತು ರಾಮಯ್ಯೋರೆ. ಕಂಪ್ಯೂಟರ್ ಬಿಸಿ ಆಗ್ತಿತ್ತಲ್ಲ, ಅದಕ್ಕೆ ನೀರು ಓಡಿಸ್ತಿದ್ದೆ. ಆ ಮೋಟರನ್ನ ಈಗ..."

"ಕಂಪ್ಯೂಟರ್‌ಗೆ ನೀರು?" ರಾಮಯ್ಯನವರ ಮುಖ ಬಿಗಿಯಿತು. "ಓದ್ಸಾರಿ ಕರೆಂಟ್ ಓಯ್ತು ಅಂದ್ರಿ. ಅದ್ರ ಇಂದಿನ್ ಸಾರಿ ಜ್ವರ ಅಂದ್ರಿ. ಈಗ ನೀರಾ?"

"ಬೇಕಾದ್ರೆ ಇವರನ್ನೇ ಕೇಳಿ! ಎಲ್ಲರೂ ಮುಟ್ಟಿ ನೋಡಿದ್ದಾರೆ!"

ರಾಮಯ್ಯನವರು ಬೀದಿಯ ಕಡೆ ತಿರುಗಿದರು. ಅರಗು ಹಾಕುತ್ತಿದ್ದ ಅಧಿಕಾರಿಯೂ ತಲೆ ಎತ್ತಿ ಕಿವಿಗೊಟ್ಟರು.

"ನಾವು ಅಂಥದ್ದೇನೂ ನೋಡಿಲ್ಲ," ಎಂದರು ಶಂಭುಲಿಂಗಪ್ಪನವರು.

"ಕಂಪ್ಯೂಟ್ರು ನೀರ್ ಕುಡಿಯದಾ? ನಾನಂತೂ ಕಾಣ್ನಿಲ್ಲಪ್ಪ," ಎಂದಳು ಚಲುವಮ್ಮ.

ಹಿಂದಿದ್ದವರೆಲ್ಲ ತಲೆಯಾಡಿಸಿದರು. ರಾಮಯ್ಯನವರು ನ್ಯಾಯವಂತರು, ಹಿತ್ತಲ ಬಾಗಿಲಿಗೆ ಹೋಗಿ ಕೈಮುಗಿದು ಕೇಳಿದರು. "ಅಮ್ಮಾರೆ, ನೀವು ಇರೀಕರು. ನೀವೇ ಏಳಿ. ನಿಮ್ಮ್ ಮಗ ಏಳೋದು ನಿಜವಾ?"

ಶಿವನಂಜಮ್ಮ ಕಲ್ಲು ಬಿಟ್ಟು ಏಳಲಿಲ್ಲ. ಮಗನ ಮುಖ ನೋಡಿದರು, ಅಧಿಕಾರಿಯ ಮುಖ ನೋಡಿದರು, ಕಣ್ಣಂಚು ಒರೆಸಿಕೊಂಡರು.

"ಚಿಕ್ಕಂದಿನಿಂದ್ಲೂ ಹೀಗೇ ಏನೇನೋ ಹೇಳ್ತಾನೆ ಕಣಪ್ಪ," ಎಂದರು. "ಕ್ಯಾಸೆಟ್ಟು ಆ ಬೀರು ಮೇಲಿದೆ, ತಗೊಂಡ್ಹೋಗು."