ತೋಳಿನೊಳಗಿನ ಕೆಂಪು ದಾರ

ದರ್ಜಿಗೆ ಹೆಂಡತಿಯ ಮೇಲಿದ್ದದ್ದು ಒಂದೇ ದೂರು. ಮದುವೆಯಾಗಿ ಇಪ್ಪತ್ತೈದು ವರ್ಷವಾಗುತ್ತಾ ಬಂದರೂ ಆ ಮಹಾತಾಯಿ ಒಮ್ಮೆಯೂ ಬಾಯಿಬಿಟ್ಟು "ನೀವಂದ್ರೆ ನನಗಿಷ್ಟ" ಎಂದಿರಲಿಲ್ಲ. "ಊಟಕ್ಕೆ ಬನ್ನಿ" ಎಂದಿದ್ದಳು, "ಕಾಲೊರೆಸ್ಕೊಂಡು ಬನ್ನಿ" ಎಂದಿದ್ದಳು. (ಎರಡನೆಯದನ್ನೇ ಹೆಚ್ಚು ಸಲ.) ಊರವರ ಎದೆಯಳತೆಯನ್ನೆಲ್ಲ ಬರೆದಿಟ್ಟುಕೊಂಡವನಿಗೆ ಮನೆಯವಳ ಎದೆಯಲ್ಲೇನಿದೆ ಎಂದು ತಿಳಿಯದೆ ಜೀವ ಹಪಹಪಿಸುತ್ತಿತ್ತು.

"ನನ್ನ ಮೇಲೆ ಪ್ರೀತಿ ಇದೆಯೇನೇ?" ಎಂದು ಕೇಳಿದರೆ, "ಇದೇನ್ರೀ ಬೆಳಬೆಳಗ್ಗೆ? ಹೊಟ್ಟೆ ಸರಿ ಇದೆ ತಾನೆ?" ಎನ್ನುವಳು.

ಅವನಿಗಿದ್ದ ಜಂಬವೂ ಒಂದೇ. ಐವತ್ತೈದಾದರೂ ಕನ್ನಡಕದ ಹಂಗಿಲ್ಲ. "ನೋಡಿ, ಹನ್ನೆರಡು ಸೂಜಿಯೂ ಪೋಣಿಸಿ ಸಿದ್ಧ!" ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದ. ಯಾವಾಗ ಪೋಣಿಸಿದೆನೆಂದು ಮಾತ್ರ ನೆನಪಾಗುತ್ತಿರಲಿಲ್ಲ. ಕೈ ತಾನಾಗಿ ಮಾಡಿರಬೇಕು, ಎಲ್ಲ ಅಭ್ಯಾಸಬಲ ಎಂದುಕೊಳ್ಳುತ್ತಿದ್ದ.

ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಚರ್ಚಿನಲ್ಲಿ ನಡೆಯಲಿದ್ದ ಕೃತಜ್ಞತಾ ಆರಾಧನೆಗೆಂದು ಅವಳಿಗೊಂದು ಬಿಳಿ ಉಡುಪು ಹೊಲಿಯುವಾಗ ಅವನಿಗೊಂದು ದಿವ್ಯ ಉಪಾಯ ಹೊಳೆಯಿತು. ತೋಳಿನ ಒಳಮಗ್ಗುಲಲ್ಲಿ, ಕೈಯಂದಾಜಿನ ಮೇಲೆ, ಕೆಂಪು ದಾರದಲ್ಲಿ ಕಸೂತಿ ಹಾಕಿದ: "ಒಂದೇ ಒಂದು ಸಲ ಹೇಳು, ಬಂಗಾರಿ." ಹಾಕಿಕೊಳ್ಳುವಾಗ ಓದುತ್ತಾಳೆ, ನಾಚುತ್ತಾಳೆ, ಹೇಳಿಯೇಬಿಡುತ್ತಾಳೆ!

ಭಾನುವಾರ ಅವಳು ಅದನ್ನು ಹಾಕಿಕೊಂಡಳು. ಓದಲಿಲ್ಲ, ನಾಚಲಿಲ್ಲ. "ಕತ್ತು ಸ್ವಲ್ಪ ಬಿಗಿ" ಎಂದಳು. ಅವನಿಗೆ ಅಳುವೇ ಬಂತು.

ಚರ್ಚಿನಲ್ಲಿ ಪಾದ್ರಿಗಳು ಹೊಸ ನಿಲುವಂಗಿ ತೊಟ್ಟು ನಿಂತಿದ್ದರು. (ಅದೂ ದರ್ಜಿಯದೇ ಹೊಲಿಗೆ, ಅದೂ ಬಿಳಿ, ಅದೂ ಅದೇ ಮೇಜಿನ ಮೇಲಿದ್ದದ್ದು.) "ಪ್ರಣಯ ಅನ್ನೋದು ಮದುವೆ ದಿನದ ಉಡುಪು, ಪ್ರೀತಿ ದಿನಾ ಹಾಕೋ ಬಟ್ಟೆ. ದೇವರ ಮುಂದೆ ಕೈಹಿಡಿದವರ ಸಂಸಾರ ಬಾಳಿಕೆ ಬರೋದು ಎರಡನೆಯದರಿಂದ" ಎಂದರು. ದರ್ಜಿ ನಿಟ್ಟುಸಿರುಬಿಟ್ಟ. ದಿನಾ ಹಾಕುವ ಬಟ್ಟೆಯನ್ನು ಹೊಲಿದು ಹೊಲಿದೇ ಅವನಿಗೆ ಸಾಕಾಗಿತ್ತು.

ಕೊನೆಗೆ ಪಾದ್ರಿಗಳು ಆಶೀರ್ವದಿಸಲು ಎರಡೂ ಕೈ ಎತ್ತಿದರು. ಅಗಲ ತೋಳು ಹಿಂದಕ್ಕೆ ಮಗುಚಿಕೊಂಡಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಅದೇನೇ ಕೆಂಪಗೆ?" ಎಂದ ದರ್ಜಿ.

ಹೆಂಡತಿ ಅವನ ಕಿವಿಯಲ್ಲಿ ಓದಿದಳು: "ಒಂದೇ ಒಂದು ಸಲ ಹೇಳು, ಬಂಗಾರಿ."

ಭೂಮಿ ಬಾಯಿಬಿಡಬಾರದೆ ಎನ್ನಿಸಿತು ಅವನಿಗೆ. "ಎರಡೂ ಬಿಳಿ ಕಣೇ. ಗೊತ್ತಾಗ್ಲಿಲ್ಲ."

"ನಿಮಗೆ ಸರಿಯಾಗಿ ಕಾಣೋದಿಲ್ಲ ಅಂತ ನನಗೆ ನಾಲ್ಕು ವರ್ಷದಿಂದ ಗೊತ್ತು. ದಿನಾ ಬೆಳಗ್ಗೆ ಎದ್ದು ಆ ಹನ್ನೆರಡು ಸೂಜಿ ಪೋಣಿಸ್ತಿದ್ದೋರು ಯಾರು ಅಂದ್ಕೊಂಡಿದ್ರಿ, ದೇವದೂತರಾ?"

"ಮತ್ತೆ ಹೇಳ್ಬಾರ್ದಿತ್ತೇನೇ?"

"ಗಿರಾಕಿಗಳಿಗೆ ಅಷ್ಟು ಖುಷಿಯಾಗಿ ತೋರಿಸ್ತಿದ್ರಲ್ಲ. ಹೇಗ್ರೀ ಹೇಳ್ಲಿ?"

ಇಷ್ಟು ವರ್ಷ ಕಿವಿಯೊಂದನ್ನೇ ತೆರೆದಿಟ್ಟುಕೊಂಡು ಕಾದಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮರುದಿನವೇ ಅವಳು ಅವನನ್ನು ಎಳೆದುಕೊಂಡು ಹೋಗಿ ಕನ್ನಡಕ ಹಾಕಿಸಿದಳು. ಅದರ ಮಾರನೆಯ ಬೆಳಗ್ಗೆ ಅಂಗಡಿ ತೆರೆದು ನೋಡಿದರೆ ಹನ್ನೆರಡು ಸೂಜಿಯೂ ಬೋಳು ಬೋಳು.

"ಕಣ್ಣು ಬಂತಲ್ಲ, ಇನ್ನು ನೀವೇ ಪೋಣಿಸ್ಕೊಳ್ಳಿ" ಎಂದಳು ಒಳಗಿನಿಂದ.

ದರ್ಜಿ ಕನ್ನಡಕ ತೆಗೆದು ಬಟನ್ ಡಬ್ಬಿಯಲ್ಲಿ ಬಚ್ಚಿಟ್ಟು, ಸೂಜಿ ದಾರ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ.

"ಏನೂ ಕಾಣಿಸ್ತಿಲ್ಲ ಕಣೇ. ಒಂದೇ ಒಂದು ಸಲ ಪೋಣಿಸಿಕೊಡೇ, ಬಂಗಾರಿ."

ಅವಳು ಕೈಚಾಚಿ ಸೂಜಿ ಇಸಿದುಕೊಂಡಳು.

"ಮೊದಲು ಕಾಲೊರೆಸ್ಕೊಂಡು ಬನ್ನಿ" ಎಂದಳು.