ಗಂಜಿ ಹಾಕಿದ ನೋಟು

೧೯೬೫ರ ಬೇಸಿಗೆಯಲ್ಲಿ ನಾನೊಂದು ಘನಘೋರ ಸಂಕಲ್ಪ ಮಾಡಿದೆ: ಈ ವಾಸಪ್ಪನಿಗೆ ಟೋಪಿ ಹಾಕುವವನು ಇನ್ನು ಮುಂದೆ ಶಿವಮೊಗ್ಗ ಜಿಲ್ಲೆಯಲ್ಲೇ ಹುಟ್ಟಬಾರದು! ಕಾರ್ಗಲ್‌ನ ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾಯುವ ಗುಮಾಸ್ತ ನಾನು. ಅನುಮಾನ ಪಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ಸಂಕಲ್ಪಕ್ಕೆ ಕಾರಣ ಒಂದು ಹಳೇ ಹತ್ತು ರೂಪಾಯಿ ನೋಟು. ನನ್ನ ಅತ್ತೆ ವರದಮ್ಮ ತೀರಿಕೊಳ್ಳುವ ಮುಂಚೆ ಮಗಳಿಗೆ ಕೊಟ್ಟಿದ್ದು. ಅದರ ಮೇಲೆ ಗಡ್ಡದ ಇಂಗ್ಲಿಷ್ ದೊರೆ. ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ, ಆದರೆ ಇಂಥವನ್ನು ಕೂಡಿಡುವ ಹುಚ್ಚಿನವರು ಒಳ್ಳೇ ಬೆಲೆ ಕೊಡುತ್ತಾರೆಂದು ಆಫೀಸಿನಲ್ಲಿ ಕೇಳಿದ್ದೆ.

"ಬೆಲೆ ಕೇಳ್ಕಂಡು ಬನ್ನಿ. ಅಮ್ಮಂದು, ಜೋಪಾನ" ಎಂದು ಹೆಂಡತಿ ಜಲಜಾ ಕೈಗಿತ್ತಳು.

ಅಂದಿನಿಂದ ನನ್ನ ನೋಟವೆಲ್ಲ ನೋಟಿನ ಮೇಲೆ! ಸಾಗರದ ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದರೆ ಜೇಬು ಮುಟ್ಟಿಕೊಂಡೆ. ಕಂಡಕ್ಟರ್ ಕೆರಿಯಪ್ಪ "ಆರಾಮಾ ಗುಮಾಸ್ತ್ರೇ?" ಅಂದ. ಎಂದೂ ಕೇಳದವನು ಇಂದೇ ಏಕೆ ಕೇಳಿದ? ಇಳಿಯುವ ತನಕ ಅವನ ಕೈಯನ್ನೇ ಕಾಯ್ದೆ.

ಸಾಗರದ ಮುಕುಂದಯ್ಯನವರದು ಗಡಿಯಾರ ರಿಪೇರಿ, ಜೊತೆಗೆ ಹಳೇ ನಾಣ್ಯ, ನೋಟುಗಳ ವ್ಯಾಪಾರ. ನೋಟನ್ನು ಬೆಳಕಿಗೆ ಹಿಡಿದವರೇ, "ನಲವತ್ತು ಕೊಡ್ತೀನಿ" ಅಂದುಬಿಟ್ಟರು.

ಹತ್ತಕ್ಕೆ ನಲವತ್ತು! ಬೇರೆ ಯಾರಾದರೂ ಕಾಲಿಗೆ ಬೀಳುತ್ತಿದ್ದರು. ನಾನು ಕಣ್ಣು ಕಿರಿದು ಮಾಡಿದೆ. ಚೌಕಾಸಿಗೆ ಮೊದಲೇ ನಲವತ್ತು ಎನ್ನುವವನ ಹೊಟ್ಟೆಯಲ್ಲಿ ನಾನೂರು ಇರಲೇಬೇಕು!

"ಯೋಚ್ನೆ ಮಾಡಿ ಹೇಳ್ತೀನಿ."

"ಆಗ್ಲಿ. ಆದ್ರೆ ಹೆಂಗಿದ್ಯೋ ಹಂಗೇ ಇಟ್ಕಳಿ. ಒರೆಸ್ಲೂ ಬ್ಯಾಡಿ."

ಸಿಕ್ಕಿಬಿದ್ದ! ಮನೆಗೆ ಬಂದವನೇ ಹೆಂಡತಿಗೆ ವಿವರಿಸಿದೆ: "ಕೊಳೆ ಹಂಗೇ ಇರ್ಲಿ ಅಂತಾನೆ! ಯಾಕೆ ಹೇಳು? ಕೊಳೆ ಹೋದ್ರೆ ಬೆಲೆ ಏರ್ತದೆ. ಅವನಿಗೆ ಲುಕ್ಸಾನು!"

"ಅವ್ರು ಹೇಳಿದ್ರಲ್ಲೂ ಏನಾದ್ರೂ ಇರ್ಬೋದಲ್ರೀ."

"ನಿಂಗೆ ವ್ಯವಹಾರ ಗೊತ್ತಾಗಲ್ಲ, ಸುಮ್ನಿರು!"

ಅವಳು ನೋಟನ್ನು ನೋಡಿದಳು, ನನ್ನ ಕೈಯಲ್ಲಿದ್ದ ಬಟ್ಟೆ ಸೋಪನ್ನು ನೋಡಿದಳು, ಒಳಗೆ ಹೋದಳು. ಸೋತಳು ಎಂದುಕೊಂಡೆ.

ದೊರೆಗೆ ಅಭ್ಯಂಜನ ಶುರುವಾಯಿತು. ಕೊಳೆಯ ಜೊತೆಗೆ ಅವನ ಅರ್ಧ ಗಡ್ಡವೂ ಹೋಯಿತು! ಹೋಗಲಿ, ವಯಸ್ಸು ಕಡಿಮೆ ಕಂಡಿತು. ಆದರೆ ನೋಟು ಬಾಡಿದ ಎಲೆಯಂತೆ ಜೋತುಬಿತ್ತು. ಗಂಜಿ ಹಾಕಿದೆ. ಒಣಗಿದ ಮೇಲೆ ಮುದುರಿತು. ಇದ್ದಿಲು ತುಂಬಿ ಇಸ್ತ್ರಿ ಹೊಡೆದೆ. ಆಹಾ! ಹುರಿದ ಹಪ್ಪಳದಂತೆ ಸೆಟೆದು ನಿಂತಿತು.

ರಜೆ ಸಿಕ್ಕಿದ್ದು ಎರಡು ವಾರದ ಮೇಲೆ. ಮುಕುಂದಯ್ಯನ ಕಣ್ಣು ತಪ್ಪಿಸಿ, ಹೊಸನಗರದ ಮೇಲೆ ಹಾದು ತೀರ್ಥಹಳ್ಳಿಗೆ ಹೋದೆ. ಅಲ್ಲಿನ ಜವಳಿ ಅಂಗಡಿ ಸುಬ್ಬರಾಯರಿಗೆ ಹಳೇ ನೋಟು ಕೂಡಿಡುವ ಹುಚ್ಚು. ಅವರು ನನ್ನ ನೋಟನ್ನು ಮುಟ್ಟಿದರು, ತಟ್ಟಿದರು, ಮೂಸಿದರು.

"ಅನ್ನದ ವಾಸನೆ ಬರ್ತದಲ್ಲ! ಎಲ್ಲಿ ಅಚ್ಚು ಹಾಕ್ಸಿದ್ರಿ?"

"ಅಚ್ಚಾ?"

"ಕೂತ್ಕಳಿ. ಏಳ್ಬೇಡಿ." ಆಳಿನ ಕಡೆ ತಿರುಗಿ, "ಹೋಗಿ ಪೊಲೀಸ್ರನ್ನ ಕರ್ಕಂಡು ಬಾ!" ಅಂದರು.

ಲೋಕವನ್ನೆಲ್ಲ ಅನುಮಾನಿಸಿದ ನನ್ನ ಮೇಲೇ ಅನುಮಾನ! ಸೀರೆ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಚೀಲವನ್ನು ಅವುಚಿಕೊಂಡು ದೂರ ಸರಿದಳು. ಸೋಪು, ಗಂಜಿ, ಇಸ್ತ್ರಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಸುಬ್ಬರಾಯರು ನಂಬದೆ ತಮ್ಮ ಆಲ್ಬಮ್ ತೆಗೆದು ನಂಬರು ತಾಳೆ ನೋಡಿದರು.

"ತಡೀರಿ! ಇದ್ರ ಮುಂದಿನ ನಂಬರು ನನ್ನತ್ರನೇ ಇದೆ. ಮೊನ್ನೆ ಸಾಗರದ ಮುಕುಂದಯ್ಯ ಕೊಟ್ರು. ಹಂಗಾದ್ರೆ ನಿಮ್ದೂ ಅಸಲಿನೇ." ಆಳನ್ನು ವಾಪಸು ಕರೆದರು.

ಜೀವ ಬಂತು. ಜೀವದ ಜೊತೆ ಆಸೆಯೂ ಬಂತು. "ಬೆಲೆ?"

"ತೊಳೆದು ಇಸ್ತ್ರಿ ಮಾಡಿದ್ದಕ್ಕೆ ಬೆಲೆನಾ? ಕಾಫಿ ಕುಡ್ಕಂಡು ಹೋಗಿ."

ಅಷ್ಟರಲ್ಲಿ ನನ್ನ ತಲೆಯಲ್ಲಿ ಮತ್ತೆ ಅನುಮಾನದ ಗಂಟೆ! "ಆ ಇನ್ನೊಂದು ನೋಟು ಮುಕುಂದಯ್ಯನಿಗೆ ಎಲ್ಲಿ ಸಿಕ್ತು?"

"ಕಾರ್ಗಲ್ ಕಡೆ ಹೆಂಗಸಂತೆ. ತಾಯಿ ಕೊಟ್ಟಿದ್ದಂತೆ. ಹೆಸ್ರು... ಹಾಂ, ಜಲಜಮ್ಮ."

ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹಿಡಿದೆ.

ಮನೆ ಹೊಸ್ತಿಲಲ್ಲೇ ಗುಡುಗಿದೆ: "ಎರಡಿತ್ತಾ?"

"ಇತ್ತು" ಅಂದಳು ಜಲಜಾ, ಅಕ್ಕಿ ಆರಿಸುತ್ತ. "ಒಂದು ನಿಮ್ಮ ಕೈಗೆ ಕೊಟ್ಟೆ. ನೀವು ಸೋಪು ಹಿಡಿದಿದ್ದು ನೋಡಿ ಮಾರನೇ ದಿನವೇ ಇನ್ನೊಂದನ್ನ ಸಾಗರಕ್ಕೆ ತಗಂಡು ಹೋದೆ. ಮುಕುಂದಯ್ಯೋರು ಹೇಳ್ದಂಗೇ ನಲವತ್ತು ಕೊಟ್ರು. ಕಾಪಿನೂ ತರ್ಸಿದ್ರು."

ಸ್ತ್ರೀಯ ಮಾತು ಬಿಟ್ಟು ಇಸ್ತ್ರಿಯನ್ನು ನಂಬಿದ ನಾನು ಕುಸಿದು ಕೂತೆ. "ಆ ದುಡ್ಡೆಲ್ಲಿ?"

ಅವಳು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೂಗಿನಲ್ಲಿ ಕೆಂಪು ಹರಳಿನ ಹೊಸ ಮೂಗುಬೊಟ್ಟು ಮಿನುಗಿತು.

"ಅಮ್ಮನ ನೆನಪಿಗೆ ಅಂತ ಮಾಡಿಸ್ದೆ."

"ಯಾವಾಗ ಹಾಕ್ಕಂಡೆ?"

"ವಾರದ ಮೇಲಾಯ್ತು. ಬಸ್ಸಲ್ಲಿ ಕೂತೋರ ಮುಖನೆಲ್ಲ ಕಾಯ್ಕಂಡು ಓಡಾಡ್ತೀರಿ. ಮನೇಲಿರೋ ಮೂಗು ಮಾತ್ರ ಕಾಣ್ಲೇ ಇಲ್ವಲ್ರೀ!"