ಅವ್ವನ ಪದ, ಶೇಂಗಾ ಸಮೇತ

ಮೂರು ವರ್ಷ ಹಾರ್ಮೋನಿಯಂ ಕಲಿತು ಬಿಟ್ಟವನ ಜೊತೆ ಒಂದೇ ಮನೆಯಲ್ಲಿ ಬಾಳುವುದು ಸುಲಭವಲ್ಲ. ಏನೂ ಕಲಿಯದವರು ಹಾಡು ಕೇಳಿದರೆ ತಲೆದೂಗುತ್ತಾರೆ. ಪೂರ್ತಿ ಕಲಿತವರೂ ತಲೆದೂಗುತ್ತಾರೆ. ನಡುವೆ ಬಿಟ್ಟವನು ಮಾತ್ರ ಹುಬ್ಬು ಗಂಟಿಕ್ಕಿ, ಶ್ರುತಿ ಎಲ್ಲಿ ತಪ್ಪಿತೆಂದು ಹುಡುಕುತ್ತ ಕೂರುತ್ತಾನೆ. ನಾನು ಆ ಪೈಕಿಯವನು. ಮದುವೆ ಮನೆಯಲ್ಲಿ ಹೆಂಗಸರು ಸೋಬಾನೆ ಎತ್ತಿದರೆ, ಹಾರ್ಮೋನಿಯಂ ಲೆಕ್ಕದಲ್ಲಿ ಇನ್ನೊಂದು ಮನೆ ಕೆಳಗೆ ಎತ್ತಬೇಕಿತ್ತು ಎಂದು ಪಕ್ಕದಲ್ಲಿ ಕೂತವರಿಗೆ ವಿವರಿಸುತ್ತಿದ್ದೆ. ಅವರು ಹಸಿವಿಲ್ಲದಿದ್ದರೂ ಎದ್ದು ಊಟಕ್ಕೆ ಹೋಗುತ್ತಿದ್ದರು. ನನ್ನ ಹೆಂಡತಿ ಶಾಂತಾ ತೊಟ್ಟಿಲು ತೂಗುವಾಗ ಜೋಗುಳವನ್ನೂ ಬಾಯಿ ಬಿಟ್ಟು ಹಾಡಿದವಳಲ್ಲ. ಮಗಳು ಸುಮಿ ಬರೀ ತೊಟ್ಟಿಲ ಕಿರುಗುಟ್ಟುವಿಕೆ ಕೇಳಿ ನಿದ್ದೆ ಹೋದ ಕೂಸು.

ಇಷ್ಟು ವಿದ್ಯೆ ಇದ್ದ ನನಗೆ ಅತಿ ಹೆಚ್ಚು ಕಷ್ಟ ಕೊಟ್ಟವಳು ನನ್ನ ಅವ್ವ. ನಮ್ಮ ಕಡೆ ಬೆಳಗಿನ ಪೂಜೆಗೆ ಹಾಡುವ ಹಳೆಯ ಸ್ತುತಿಪದ ಒಂದಿದೆ. ಮೇಷ್ಟರು ನನಗೆ ಮೂರು ವರ್ಷದಲ್ಲಿ ಕಲಿಸಿದ್ದು ಮುಖ್ಯವಾಗಿ ಅದನ್ನೇ. ಅದರಲ್ಲಿ ದೇವರು ರತ್ನದ ಪೀಠದ ಮೇಲೆ ಕೂತಿರುತ್ತಾನೆ, ಭಕ್ತ ದೂರದಲ್ಲಿ ಕೈಮುಗಿದು ನಿಂತಿರುತ್ತಾನೆ, ರಾಗ ಅಡಿ ಅಡಿಗೂ ಗಂಭೀರವಾಗಿ ನಡೆಯುತ್ತದೆ. ಅವ್ವ ಚಿಕ್ಕವಳಿದ್ದಾಗ ತಿಂಥಣಿ ಜಾತ್ರೆಗೆ ಹೋಗಿ, ಹೊಳೆದಂಡೆಯಲ್ಲಿ ಯಾರೋ ಇದನ್ನು ಹಾಡಿದ್ದು ಕೇಳಿದಳಂತೆ. ಅರ್ಧ ನೆನಪಿತ್ತಂತೆ, ಉಳಿದರ್ಧ ಕಳೆ ಕೀಳುವ ಹೆಂಗಸರೆಲ್ಲ ಸೇರಿ ತುಂಬಿಸಿಕೊಂಡರಂತೆ. ಹಾಗೆ ತುಂಬಿಸುವಾಗ ರತ್ನದ ಪೀಠ ಎಲ್ಲೋ ಬಿದ್ದುಹೋಯಿತು. ಅವರ ಪದದಲ್ಲಿ ದೇವರು ಮಧ್ಯಾಹ್ನ ಹೊಲಕ್ಕೆ ಬರುತ್ತಾನೆ. "ಬಿಸಿಲೇರಿ ಬಂತೋ ಸ್ವಾಮಿ, ಬದುವಿನ ಮ್ಯಾಲ ಕೂಡು ಬಾ" ಎಂದು ಅವ್ವ ಕರೆದರೆ, "ಬುತ್ತಿ ಬಿಚ್ಚೀವಿ ಸ್ವಾಮಿ, ಒಂದ್ ತುತ್ತು ಉಂಡು ಹೋಗು ಬಾ" ಎಂದು ಉಳಿದವರು ಮುಗಿಸುತ್ತಾರೆ. ಮುಂದಿನ ನುಡಿಗಳಲ್ಲಿ ಅವನಿಗೆ ರೊಟ್ಟಿ, ಪುಂಡಿಪಲ್ಯ, ಖಾರದ ಹಿಂಡಿ ಎಲ್ಲ ಬಡಿಸುತ್ತಾರೆ. ದೇವರು ಎರಡನೇ ಸಲ ಹಾಕಿಸಿಕೊಳ್ಳುತ್ತಾನೆ.

ಇದು ಅಪಚಾರವೆಂದು ನಾನು ಅವ್ವನಿಗೆ ಹಲವು ಸಲ ಹೇಳಿದ್ದೆ. ಅದರಲ್ಲೂ ಪ್ರತಿ ಸಾಲಿನ ಕೊನೆಗೆ ಅವಳು ‘ಬಾ’ ಎಂಬುದನ್ನು ಅಷ್ಟುದ್ದ ಎಳೆಯುವುದು ನನಗೆ ಬಹಳ ದಿನ ಒಗಟಾಗಿತ್ತು. ಯಾವ ರಾಗದ ಆಲಾಪವಿದು ಎಂದು ಹಾರ್ಮೋನಿಯಂ ಇಟ್ಟುಕೊಂಡು ಹುಡುಕಿದ್ದೂ ಉಂಟು. ಕೊನೆಗೆ ಅವಳನ್ನೇ ಕೇಳಿದೆ. ಮೊದಲು ಜೋಳದ ಹೊಲದಲ್ಲಿ ಪದ ಚುರುಕಾಗಿ ಓಡುತ್ತಿತ್ತಂತೆ. ಕಾಲುವೆ ಬಂದು ನಮ್ಮ ಎರಡೆಕರೆಯಲ್ಲೂ ಭತ್ತ ಹಚ್ಚಿದ ಮೇಲೆ ಕೆಸರಿನಲ್ಲಿ ಹೂತ ಕಾಲು ಕಿತ್ತು ಮುಂದಿಡುವ ತನಕ ಸಾಲು ಎಳೆಯಬೇಕಾಯಿತಂತೆ. ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ನೀರು ಎಷ್ಟು ದೂರ ಹರಿಯಿತು ಎಂದು ದಿನವೂ ಬರೆಯುತ್ತಿದ್ದವನು. ಅದು ನಮ್ಮವ್ವನ ಹಾಡಿನೊಳಗೂ ಹರಿದಿದೆಯೆಂದು ನನಗೆ ಗೊತ್ತಿರಲಿಲ್ಲ.

ಹೀಗಿರುವಾಗ ಅವ್ವನ ಕುತ್ತಿಗೆಯಲ್ಲಿ ಗಂಟು ಎದ್ದಿತು. ಕಲಬುರ್ಗಿಯ ಡಾಕ್ಟರು ನೋಡಿ ಆಪರೇಷನ್ ಆಗಲೇಬೇಕು ಎಂದರು. ಜೀವಕ್ಕೆ ಭಯವಿಲ್ಲ, ಆದರೆ ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ದನಿ ಮೊದಲಿನಂತೆ ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದರು. ಊರಿಗೆ ಮರಳುವ ಬಸ್ಸು ಶಹಾಪುರ ದಾಟಿತು. ಅವ್ವನೇ ನನ್ನ ಮೊಣಕಾಲು ತಟ್ಟಿ, "ಯಾಕ ಮಾರಿ ಸಣ್ಣ ಮಾಡ್ಕೊಂಡಿ? ನನ್ನ ಪದ ನಿಂತ್ರ ನಿನ್ನ ಕಿವಿಗಿ ಸುಖ ಅಲ್ಲೇನು" ಅಂದಳು. ತಮಾಷೆಗೆ ಅಂದದ್ದು. ಹುಟ್ಟಿದಾಗಿನಿಂದ ಕೇಳಿದ ದನಿ, ಅದರಲ್ಲಿ ತಪ್ಪು ಹುಡುಕಿದ್ದು ಬಿಟ್ಟರೆ ನಾನು ಮತ್ತೇನೂ ಮಾಡಿರಲಿಲ್ಲ. ಆಸ್ಪತ್ರೆಗೆ ಸೇರಿಸಲು ಬುಧವಾರ ಬರಹೇಳಿದ್ದರು. ಅಷ್ಟರೊಳಗೆ ಆ ಪದವನ್ನು ಟೇಪಿಗೆ ಇಳಿಸಲೇಬೇಕು ಎಂದು ನಿಶ್ಚಯಿಸಿದೆ.

ಟೇಪ್ ರೆಕಾರ್ಡರ್ ಇದ್ದದ್ದು ನಮ್ಮ ಕಚೇರಿಯ ಟೈಪಿಸ್ಟ್ ರಜಾಕ್ ಸಾಹೇಬರ ಹತ್ತಿರ. ಅವರ ತಮ್ಮ ದುಬೈಯಿಂದ ತಂದುಕೊಟ್ಟದ್ದು. ಮನೆಯವರಿಗೂ ಮುಟ್ಟಲು ಕೊಡದೆ ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದರು. ಅವ್ವನ ವಿಷಯ ಹೇಳಿದ್ದೇ ತಡ, ಬಟ್ಟೆ ಸಮೇತ ಎತ್ತಿ ಸೈಕಲ್ಲಿನ ಮೇಲೆ ಇಟ್ಟುಕೊಂಡು ತಾವೇ ರಂಗಂಪೇಟೆಯ ನಮ್ಮ ಮನೆಗೆ ಬಂದರು. ಯಾವ ಎರಡು ಗುಂಡಿ ಒಟ್ಟಿಗೆ ಒತ್ತಬೇಕೆಂದು ತೋರಿಸಿ, ಹೊಸ ಕ್ಯಾಸೆಟ್ ಒಂದನ್ನೂ ಇಟ್ಟು, ಅಮ್ಮನಿಗೆ ಆರಾಮಾಗಲೆಂದು ದುವಾ ಮಾಡುತ್ತೇನೆ ಅಂದು ಹೋದರು. ಅವರ ಉಪಕಾರ ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ನಡುಮನೆಯನ್ನು ರೇಡಿಯೋ ಸ್ಟೇಷನ್ ಮಾಡಿದೆ. ಕಿಟಕಿಗಳಿಗೆ ಕೌದಿ ಕಟ್ಟಿದೆ. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದೆ. ಶಾಂತಾಗೆ ರೊಟ್ಟಿ ಬಡಿಯಬಾರದೆಂದು ಅಪ್ಪಣೆ ಮಾಡಿದೆ. ಎಂದೂ ಕುರ್ಚಿಯಲ್ಲಿ ಕೂರದ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಹಾರ್ಮೋನಿಯಂನಲ್ಲಿ ಷಡ್ಜ ಹಿಡಿದು, ಗುಂಡಿ ಒತ್ತಿದೆ. ಅವ್ವ ಅರ್ಧ ಸಾಲು ಹಾಡಿ ನಿಲ್ಲಿಸಿದಳು. ನಾನು ಮುಂದೆ ಹಾಡೆಂದು ಕೈಸನ್ನೆ ಮಾಡಿದೆ. ಅವಳು ಅದೇ ಅರ್ಧ ಸಾಲನ್ನು ಮತ್ತೆ ಹಾಡಿ ನನ್ನ ಮುಖ ನೋಡಿದಳು. ಹೀಗೆ ನಾಲ್ಕು ಸಲ ದೇವರನ್ನು ಬದುವಿನ ಮೇಲೆ ಕೂರಲು ಕರೆದದ್ದಾಯಿತು, ಊಟಕ್ಕೆ ಹಾಕುವವರು ಯಾರೂ ಇಲ್ಲ.

"ಒಬ್ಬಾಕಿನೇ ಹ್ಯಾಂಗ ಹಾಡ್ಲೋ? ನಾ ಕೊಟ್ಟದ್ದು ತಗೊಳ್ಳೋರು ಬ್ಯಾಡೇನು?" ಅಂದಳು ಅವ್ವ.

ಉಳಿದರ್ಧವನ್ನೂ ನೀನೇ ಹಾಡು ಅಂದೆ. ಅದು ತನ್ನದಲ್ಲ, ಭೀಮವ್ವನದು ಅಂದಳು. ನಲವತ್ತು ವರ್ಷ ಹಾಡಿದ ಪದದ ಎರಡನೇ ಅರ್ಧ ಅವಳ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಸರಿ, ನಾನು ತಗೊಳ್ಳುತ್ತೇನೆ ಎಂದು ಮೇಷ್ಟರ ಶೈಲಿಯಲ್ಲಿ ಎರಡು ತಾನ ಸೇರಿಸಿ ಮುಗಿಸಿಕೊಟ್ಟೆ. ನಾನು ತಾನ ಮುಗಿಸಿ ಕಣ್ಣು ತೆರೆಯುವ ಹೊತ್ತಿಗೆ ಅವ್ವ ಮುಂದಿನ ನುಡಿಯನ್ನೇ ಮರೆತು ಕೂತಿದ್ದಳು. ನೀನು ಹಿಡಿದರೆ ಪದ ಓಡಿಹೋಗುತ್ತದೆ ಎಂದು ಬೇಸರವಿಲ್ಲದೆ ಹೇಳಿ, ಕುರ್ಚಿಯಿಂದ ಇಳಿದು, ಕೋಳಿಗಳನ್ನು ಬಿಡಲು ಹೋದಳು.

ಭೀಮವ್ವ ನಮ್ಮ ಓಣಿಯ ತುದಿಯ ಮನೆಯವಳು, ಅವ್ವನ ಮುಯ್ಯಾಳು. ಎಂದರೆ ಅವಳ ಹೊಲದ ಕಳೆಗೆ ಅವ್ವ ಹೋಗುವುದು, ನಮ್ಮ ಹೊಲದ ಕಳೆಗೆ ಅವಳು ಬರುವುದು. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲವಾದ್ದರಿಂದ ಹೆಂಗಸರಿಗೂ ತುಸು ಬಿಡುವು. ಭಾನುವಾರ ಸಂಜೆಯೇ ಅವಳ ಮನೆಗೆ ಹೋಗಿ, ತೊಂದರೆ ಕೊಡುತ್ತಿದ್ದೇನೆ ಎಂದು ಕಚೇರಿಯ ಅರ್ಜಿಯಂತೆ ಮಾತು ಶುರು ಮಾಡಿದೆ. ಅವಳು ನಡುವೆಯೇ ತಡೆದು, "ನಿಮ್ಮವ್ವ ನಮ್ಮ ಹೊಲದಾಗ ಇಷ್ಟು ವರ್ಷ ಹಾಡ್ಯಾಳ. ನಾವು ಒಂದಿನ ನಿಮ್ಮ ಮನ್ಯಾಗ ಹಾಡಿದ್ರ ಅದೂ ಮುಯ್ಯಿನೇ ತಮ್ಮಾ" ಅಂದಳು.

ಮರುದಿನ ಮಧ್ಯಾಹ್ನ ಆರು ಮಂದಿ ಬಂದರು. ಎಲ್ಲರೂ ತೊಳೆದಿಟ್ಟ ಸೀರೆ ಉಟ್ಟಿದ್ದರು. ನಾನು ರಜೆ ಹಾಕಿ, ಚಾಪೆ ಹಾಸಿ, ಕೆಮ್ಮುವವರು ಈಗಲೇ ಕೆಮ್ಮಿಬಿಡಿ ಎಂದು ಕೇಳಿಕೊಂಡೆ. ಗುಂಡಿ ಒತ್ತಿದೆ. ಅವ್ವ ಕೊಟ್ಟಳು, ಅವರು ತಗೊಂಡರು. ಆದರೆ ಆ ಹಾಡಿಕೆ ಕೇಳಿದರೆ ದೇವರು ಊಟಕ್ಕಲ್ಲ, ಯಾರೋ ಸತ್ತವರ ದಿನಕ್ಕೆ ಬಂದಂತಿತ್ತು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಕೆಳಗೆ ಮಾಡಿ ಕೂತಿದ್ದರು, ಒಬ್ಬರಿಗೂ ದನಿಯೇ ಏಳಲಿಲ್ಲ. ಎರಡು ನುಡಿಗೆ ಪದ ತಾನಾಗಿ ಆರಿಹೋಯಿತು. ನಾನು ತಾಳ, ಲಯ ಎಂದು ಭಾಷಣ ಮಾಡಿದೆ. ಭೀಮವ್ವ ಅದನ್ನು ಪೂರ್ತಿ ಕೇಳಿ, ಕೈ ಖಾಲಿ ಇದ್ದರೆ ತಮಗೆ ಬಾಯಿ ಬರುವುದಿಲ್ಲ ಎಂದು ನಾಚಿಕೊಂಡು ಹೇಳಿದಳು. ಹೊಲದಲ್ಲಿ ಕೊಡುವ ಸಾಲಿಗೆ ಎಡಗೈಯಲ್ಲಿ ಕಳೆ ಹಿಡಿಯುವುದು, ತಗೊಳ್ಳುವ ಸಾಲಿಗೆ ಕೀಳುವುದು. ಕಳೆಯಿಲ್ಲದೆ ಆ ಪದ ಹಾಡಿದ್ದೇ ಇಲ್ಲವಂತೆ.

ನಡುಮನೆಯಲ್ಲಿ ಕಳೆ ಎಲ್ಲಿಂದ ತರುವುದು? ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಆಗ ಒಳಗಿಂದ ಶಾಂತಾ ಏನನ್ನೋ ದರದರ ಎಳೆದುಕೊಂಡು ಬಂದಳು. ಎಣ್ಣೆ ಗಾಣಕ್ಕೆ ಕೊಡಲು ಸುಲಿಯಬೇಕಾಗಿದ್ದ ಶೇಂಗಾದ ಚೀಲ. ಚಾಪೆಯ ನಡುವೆ ಸುರುವಿಯೇಬಿಟ್ಟಳು. ಸಪ್ಪಳವೆಲ್ಲ ಟೇಪಿನಲ್ಲಿ ಬರುತ್ತದೆಂದು ನಾನು ಬೇಡಿಕೊಂಡೆ. ಪದ ಬೇಕೋ ಬರೀ ಸಪ್ಪಳವಿಲ್ಲದ ಟೇಪ್ ಬೇಕೋ ನೋಡಿಕೊಳ್ಳಿ ಎಂದು ಅವಳೂ ಒಂದು ಮುಷ್ಟಿ ಎತ್ತಿಕೊಂಡು ಕೂತಳು. ಅವ್ವ ಕುರ್ಚಿಯಿಂದಿಳಿದು ರಾಶಿಯ ಪಕ್ಕ ಕಾಲು ಚಾಚಿದಳು.

ಆಮೇಲಾದದ್ದನ್ನು ಹೇಳಲು ನನ್ನ ಮೂರು ವರ್ಷದ ವಿದ್ಯೆ ಸಾಲದು. ಅವ್ವನ ಅರ್ಧ ಸಾಲಿಗೆ ಏಳು ಜೊತೆ ಕೈ ಕಾಯಿ ಹಿಡಿದವು, ಉಳಿದರ್ಧಕ್ಕೆ ಏಳು ಕಾಯಿ ಒಟ್ಟಿಗೆ ಪಟ್ಟೆಂದು ಒಡೆದವು. ಯಾವ ತಬಲಾ ಬೇಕು? ದೇವರು ಬಂದ, ಕೂತ, ಉಂಡ. ಎಂದೂ ಹಾಡದ ಶಾಂತಾ ಎರಡನೇ ನುಡಿಗೇ ದನಿ ಸೇರಿಸಿದಳು. ಎಂಥ ದನಿ! ಮದುವೆಯಾಗಿ ಎಂಟು ವರ್ಷ ನಾನದನ್ನು ಕೇಳಿರಲಿಲ್ಲ. ಗಂಟಿನ ಕುತ್ತಿಗೆಯ ಅವ್ವ ಮೇಲಿನ ಸ್ವರಕ್ಕೆ ಹೋದಾಗ ಕಣ್ಣು ಮುಚ್ಚಿ, ಕಾಲು ಕೆಸರಲ್ಲಿ ಇರುವಂತೆಯೇ ‘ಬಾ’ ಎಂದು ಎಳೆದಳು. ನನ್ನ ಕಣ್ಣು ಮಂಜಾಗಿ ಟೇಪಿನ ಗಾಲಿ ತಿರುಗುತ್ತಿದೆಯೋ ಇಲ್ಲವೋ ಕಾಣದಾಯಿತು. ಪದವೂ ಮುಗಿಯಿತು, ಶೇಂಗಾವೂ ಮುಗಿಯಿತು.

ಆಪರೇಷನ್ ಸರಿಯಾಯಿತು. ಅವ್ವ ಉಳಿದಳು, ಅದಕ್ಕೆ ಆ ಡಾಕ್ಟರಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಆದರೆ ಅವರು ಹೆದರಿದ್ದೂ ಆಯಿತು. ಮಾತಿಗೆ ದನಿ ಇದೆ, ದಪ್ಪಗೆ, ತುಸು ಒಡೆದು. ಮೇಲಿನ ಸ್ವರ ಮಾತ್ರ ಇಲ್ಲ. ಮನೆಗೆ ಬಂದ ಮೂರನೇ ವಾರ ಒಲೆ ಮುಂದೆ ಕೂತು ಮೆಲ್ಲಗೆ ಪದ ಎತ್ತಿ ನೋಡಿದಳು, ‘ಬಾ’ ಬರಲಿಲ್ಲ. ಬಚ್ಚಲಲ್ಲಿ ನಿಂತು ಕೇಳಿದ ನಾನು ಅತ್ತುಬಿಟ್ಟೆ. ಮುಖ ಒರೆಸಿಕೊಂಡು ಹೋಗಿ ರಜಾಕ್ ಸಾಹೇಬರಿಂದ ಮತ್ತೆ ಆ ಪೆಟ್ಟಿಗೆ ತಂದೆ.

ಟೇಪ್ ಹಾಕಿದಾಗ ಅವ್ವ ತನ್ನ ದನಿಯ ಕಡೆ ಲಕ್ಷ್ಯವನ್ನೇ ಕೊಡಲಿಲ್ಲ. ಭೀಮವ್ವ ಎಷ್ಟು ಚಂದ ತಗೊಂಡಾಳ, ಶಾಂತಾನ ದನಿ ಎಷ್ಟು ತಂಪ ಅದ ಎಂದು ಹೊಗಳುತ್ತ ಕೂತಳು. ಪದ ಏರುತ್ತ ಹೋಯಿತು. ಅವ್ವನ ಆ ಎತ್ತರದ ‘ಬಾ’ ಮುಗಿದು, ಎಲ್ಲರೂ ತಗೊಳ್ಳಬೇಕು, ಅಷ್ಟರಲ್ಲಿ ಟೇಪಿನೊಳಗಿಂದ ಯಾರೋ ಗಂಡಸು ಗುಡುಗಿದ: "ಸುಮ್ನಿರ್ರಿ ಒಂದೀಟು!" ನಾವೆಲ್ಲ ಬೆಚ್ಚಿಬಿದ್ದೆವು. ಸುಮಿ ಮಾತ್ರ, ಅದು ಅಪ್ಪ, ಅಂದಳು. ಶೇಂಗಾ ಸಪ್ಪಳ ತಡೆಯಲಾರದೆ ಬೈದಿರಬೇಕು. ನನಗೆ ಸ್ವಲ್ಪವೂ ನೆನಪಿಲ್ಲ. ಇಡೀ ಟೇಪಿನಲ್ಲಿ ಅಳಿಸಬೇಕಾದದ್ದು ಅದೊಂದೇ. ಅಳಿಸಿದರೆ ಅವ್ವನ ‘ಬಾ’ ಕೂಡ ಹೋಗುತ್ತದೆ. ನಾಚಿಕೆಯಿಂದ ಹಿಡಿಯಷ್ಟಾದೆ.

ರಜಾಕ್ ಸಾಹೇಬರು ಪೆಟ್ಟಿಗೆಯನ್ನು ಕೆಲವು ತಿಂಗಳು ನಮ್ಮಲ್ಲೇ ಬಿಟ್ಟರು, ಸುಮಿ ದಿನವೂ ಆ ಟೇಪ್ ಕೇಳಿ ಪದ ಕಲಿತಳು. ನಾನು ಕಲಿಸಲು ಹೋದಾಗ ಅವ್ವ ನನ್ನನ್ನು ಮಾರ್ಕೆಟ್ಟಿಗೆ ಕಳಿಸುತ್ತಿದ್ದಳು. ಮುಂದಿನ ಭತ್ತದ ಕಳೆಗೆ ಒಂದು ಭಾನುವಾರ ಎಲ್ಲರೂ ಹೊಲದಲ್ಲಿದ್ದರು. ನಾನು ಬುತ್ತಿ ಹೊತ್ತುಕೊಂಡು ಹೋಗಿ ಬದುವಿನ ಮೇಲೆ ಕೂತಿದ್ದೆ. ಏಳು ವರ್ಷದ ಸುಮಿ ಮುಂದೆ ನಿಂತು ಪದ ಕೊಟ್ಟಳು, ಹೆಂಗಸರು ಕಳೆ ಕೀಳುತ್ತ ತಗೊಂಡರು. ನಲವತ್ತು ವರ್ಷ ಬರೀ ಕೊಟ್ಟಿದ್ದ ಅವ್ವ ಮೊದಲ ಸಲ ಭೀಮವ್ವನ ಪಕ್ಕ ಬಾಗಿ, ಒಡೆದ ದನಿಯಲ್ಲಿ ಎರಡನೇ ಅರ್ಧ ಹಾಡುತ್ತಿದ್ದಳು. ಮೇಲಿನ ‘ಬಾ’ ಮುಗಿಸಿದ ಸುಮಿ ಉಸಿರೂ ಬಿಡದೆ, ಅದೇ ರಾಗದಲ್ಲಿ, "ಸುಮ್ನಿರ್ರಿ ಒಂದೀಟು" ಎಂದು ಹಾಡಿದಳು. "ಸುಮ್ನಿದ್ದೇವೋ ಸ್ವಾಮಿ, ಸಾವಕಾಶ ಉಣ್ಣು ಬಾ" ಎಂದು ಹೆಂಗಸರೆಲ್ಲ ತಗೊಂಡರು. ಊಟಕ್ಕೆ ಕೂತ ದೇವರೇ ಹೇಳುವ ಮಾತೆಂದು ಅವರು ಆಗಲೇ ಅದಕ್ಕೆ ಜಾಗ ಮಾಡಿಕೊಟ್ಟಿದ್ದರು.

ನನ್ನ ಬೈಗುಳವನ್ನೂ ಬಿಸಾಡದೆ ಪದ ಮಾಡಿಕೊಂಡ ಆ ಹೆಂಗಸರ ಕಾಲಿಗೆ ಬೀಳಬೇಕೆನಿಸಿತು. ಆದರೂ ಹಾಳು ಅಭ್ಯಾಸ. ಮೂರನೇ ನುಡಿಯಲ್ಲಿ ಸುಮಿಯ ಶ್ರುತಿ ಕೂದಲೆಳೆಯಷ್ಟು ಇಳಿದದ್ದು ಕಿವಿಗೆ ಬಿತ್ತು. ಹೇಳೋಣವೆಂದು ಬದುವಿನ ಮೇಲೆ ಎದ್ದು ನಿಂತು ಬಾಯಿ ತೆರೆದೆ. ಭೀಮವ್ವ ತಲೆಯೆತ್ತಿ ನೋಡಿದಳು. ಅವ್ವನೂ ನೋಡಿದಳು. ಮರುಗಳಿಗೆ ಕೆಸರಿನಲ್ಲಿ ನಿಂತ ಅಷ್ಟೂ ಮಂದಿ ನನ್ನ ಕಡೆ ತಿರುಗಿ, ರಾಗವಾಗಿ, ಭಕ್ತಿಯಿಂದ ಹಾಡಿದರು: "ಸುಮ್ನಿರ್ರಿ ಒಂದೀಟು."

ನಾನು ಕೂತೆ.